ಸೆನ್ಸಾರಿಗೂ ಸೆರೆಮನೆಗೂ ಬಗ್ಗದ ಸ್ನೇಹಲತಾ ರೆಡ್ಡಿ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಒಬ್ಬ ಸಿನಿಮಾ ನಟಿಯ ಜೀವನಚರಿತ್ರೆಗೆ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸರ್ ಸಯ್ಯದ್ ಅಹ್ಮದ್ ಖಾನ್, ಮೌಲಾನಾ ಆಝಾದ್, ಡಾ. ಝಾಕಿರ್ ಹುಸೇನ್, ಟಿಪ್ಪು ಸುಲ್ತಾನ್ ಮುಂತಾದವರ ಬದುಕನ್ನು ಇಂತಹ ಸಂಚಿಕೆಗಳಲ್ಲಿ ನೀವು ಮತ್ತೆ ಮತ್ತೆ ಓದಿದ್ದೀರಿ. ಓದಲೇಬೇಕಾದ ಬದುಕುಗಳವು. ಈ ಸಲ ಬೇರೊಬ್ಬರ ಕಥೆ ಹೇಳುತ್ತೇನೆ. ಇವರು ಮುಸ್ಲಿಮರಲ್ಲ, ನಮ್ಮ ಜಿಲ್ಲೆಯವರೂ ಅಲ್ಲ. ತೆರೆಯ ಮೇಲೆ ಊರಿನ ದೊಡ್ಡವರ ಕಟ್ಟಳೆಗೆ ಕಾಯದ ಹೆಣ್ಣಾಗಿ ನಟಿಸಿದರು. ಆರು ವರ್ಷಗಳ ನಂತರ, ತೆರೆಯ ಹೊರಗೆ, ಸರ್ಕಾರದ ಕಟ್ಟಳೆಗೆ ಬಗ್ಗದೆ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದರು. ಐವತ್ತು ವರ್ಷವನ್ನೂ ಕಾಣದೆ ತೀರಿಕೊಂಡರು. ಹೆಸರು ಸ್ನೇಹಲತಾ ರೆಡ್ಡಿ.

ಅನ್ಯಾಯ ಮಾಡುವ ದೊರೆಯ ಮುಂದೆ ಸತ್ಯ ನುಡಿಯುವುದನ್ನು ಪ್ರವಾದಿ(ಸ)ರು ಶ್ರೇಷ್ಠ ಜಿಹಾದ್ ಎಂದು ಎಣಿಸಿದ್ದಾರೆ. ಇದು ಮದ್ರಸಕ್ಕೆ ಹೋಗುವ ಮಕ್ಕಳಿಗೂ ಗೊತ್ತು. ಖಲೀಫ ಮನ್ಸೂರ್ ಕೊಡಲು ಬಂದ ಖಾಝಿ ಪದವಿ ಬೇಡವೆಂದು ಇಮಾಮ್ ಅಬೂ ಹನೀಫಾ(ರ) ಸೆರೆಮನೆ ಸೇರಿದ ಚರಿತ್ರೆಯನ್ನೂ ನೀವು ಕೇಳಿದ್ದೀರಿ. ಕೇಳುವಾಗ ಅದೆಲ್ಲ ಸಾವಿರ ವರ್ಷಕ್ಕೂ ಹಿಂದಿನ, ದೂರದ ಬಗ್ದಾದಿನ ಮಾತು ಎನಿಸಿಬಿಡುತ್ತದೆ. ನಾನು ಹೇಳಹೊರಟಿರುವುದು ಮದ್ದೂರಿನಲ್ಲಿ ರೈಲು ಹತ್ತಿದರೆ ತಲುಪಬಹುದಾದ ಊರಿನ ಮಾತು. ನಿಮ್ಮ ಮನೆಯ ಹಿರಿಯರು ಕಣ್ಣಾರೆ ಕಂಡ ಕಾಲದ ಮಾತು.

ಬ್ಲಫ್‌ನಲ್ಲಿ ಇರುವವರಿಗೆ ಸರ್ಕಾರವೆಂದರೆ ದೂರದ ವಸ್ತುವಲ್ಲ. ವಿದ್ಯುತ್ ಕೇಂದ್ರದ ಊರು ಇದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಇಂತಹ ಊರಿನಲ್ಲಿ ಕ್ವಾರ್ಟರ್ಸ್, ಸಂಬಳ, ಶಿಫ್ಟು, ಸೈರನ್ ಎಲ್ಲವೂ ಸರ್ಕಾರದ್ದೇ. ಮೇಲಿನವರ ಆದೇಶವನ್ನು ಪಾಲಿಸುವುದು ಇಲ್ಲಿ ನೀರು ಕುಡಿದಷ್ಟು ಸಹಜ. ಅದರಲ್ಲಿ ತಪ್ಪೇನೂ ಇಲ್ಲ, ಟರ್ಬೈನು ತಿರುಗಬೇಕಲ್ಲ. ಆದರೆ ಇದೇ ಸೀಮೆಯಲ್ಲಿ ಇನ್ನೊಂದು ನೆನಪೂ ಇದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ತ್ರಿವರ್ಣ ಧ್ವಜ ಹಾರಿಸಬಾರದೆಂದು ಮೈಸೂರು ಸರ್ಕಾರ ನಿಷೇಧ ಹಾಕಿದಾಗ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಸಾವಿರಾರು ರೈತರು ಆ ಆದೇಶವನ್ನು ಪಾಲಿಸಲಿಲ್ಲ. ಇಂದು ನಾವು ಅಲ್ಲಿಯ ಸತ್ಯಾಗ್ರಹ ಸೌಧಕ್ಕೆ ಮಕ್ಕಳನ್ನು ಕರೆದೊಯ್ದು ತೋರಿಸುವುದು ಆದೇಶ ಮುರಿದವರ ನೆನಪನ್ನೇ ಎಂಬುದನ್ನು ಗಮನಿಸಿ.

ಇನ್ನು ಸ್ನೇಹಲತಾ ಅವರ ಬದುಕಿಗೆ ಬರೋಣ. 1932ರಲ್ಲಿ ಒಂದು ಕ್ರೈಸ್ತ ಕುಟುಂಬದಲ್ಲಿ ಅವರ ಜನನ. ಬ್ರಿಟಿಷರ ಕಾಲದಲ್ಲಿ ಮತಾಂತರವಾದ ಮನೆತನಗಳಲ್ಲಿ ಇಂಗ್ಲಿಷ್ ಹೆಸರು, ಇಂಗ್ಲಿಷ್ ಉಡುಪು ಸಾಮಾನ್ಯವಾಗಿತ್ತು. ಈ ಹುಡುಗಿಗೆ ಅದು ಒಗ್ಗಲಿಲ್ಲ. ಪರಕೀಯರ ಆಳ್ವಿಕೆಯ ಗುರುತು ತನ್ನ ಮೈಮೇಲೆ ಇರಬಾರದೆಂದು ಭಾರತೀಯ ಹೆಸರನ್ನು ಇಟ್ಟುಕೊಂಡರು, ಭಾರತೀಯ ಉಡುಪನ್ನೇ ತೊಟ್ಟರು. ಕಿಟ್ಟಪ್ಪ ಪಿಳ್ಳೈ ಅವರಲ್ಲಿ ಭರತನಾಟ್ಯ ಕಲಿತರು. ಮದುವೆಯಾದದ್ದು ನೆಲ್ಲೂರಿನ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರನ್ನು. ಪಟ್ಟಾಭಿಯವರು ತೆಲುಗಿನ ಹೊಸ ಕಾವ್ಯದಲ್ಲಿ ಹೆಸರು ಮಾಡಿದ ಕವಿ. ಶಾಂತಿನಿಕೇತನದಲ್ಲೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಓದಿದವರು. ತೆಲುಗು ಚಿತ್ರಗಳ ನಿರ್ಮಾಪಕರು. ಗಂಡ ಹೆಂಡತಿ ಇಬ್ಬರೂ ಡಾ. ರಾಮ ಮನೋಹರ ಲೋಹಿಯಾ ಅವರ ಸಮಾಜವಾದಕ್ಕೆ ಒಲಿದವರು. ಇಬ್ಬರು ಮಕ್ಕಳು, ನಂದನಾ ಮತ್ತು ಕೋನಾರ್ಕ್.

ಮದರಾಸಿನಲ್ಲಿ ಇದ್ದಾಗ ಸ್ನೇಹಲತಾ ಅವರು ಮದ್ರಾಸ್ ಪ್ಲೇಯರ್ಸ್ ಎಂಬ ಇಂಗ್ಲಿಷ್ ನಾಟಕ ತಂಡವನ್ನು ಕಟ್ಟಿದವರಲ್ಲಿ ಒಬ್ಬರು. 1960ರ ದಶಕದಲ್ಲಿ ಈ ತಂಡ ಇಬ್ಸನ್, ಷೇಕ್ಸ್‌ಪಿಯರ್, ಟೆನೆಸ್ಸಿ ವಿಲಿಯಮ್ಸ್ ಮುಂತಾದವರ ನಾಟಕಗಳನ್ನು ಆಡಿತು. ಅದೇ ತಂಡದಲ್ಲಿ ಆಗ ಮದರಾಸಿನಲ್ಲಿ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಗಿರೀಶ ಕಾರ್ನಾಡರೂ ಇದ್ದರು. ಈ ಸ್ನೇಹ ಮುಂದೆ ಕನ್ನಡಕ್ಕೆ ದೊಡ್ಡ ಲಾಭವನ್ನೇ ತಂದಿತು. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1965ರಲ್ಲಿ ಬಂದಿತ್ತು. ಅದನ್ನು ಸಿನಿಮಾ ಮಾಡಲು ಪಟ್ಟಾಭಿಯವರು ಮುಂದಾದರು. ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನ ಪಾತ್ರ ಪಿ. ಲಂಕೇಶರದು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಕಡೆಯ ವೈಕುಂಠಪುರದಲ್ಲಿ ಚಿತ್ರೀಕರಣ. ಚಂದ್ರಿಯ ಪಾತ್ರ ಸ್ನೇಹಲತಾ ಅವರಿಗೆ ಬಂತು.

ಚಂದ್ರಿ ಯಾರು? ಅಗ್ರಹಾರದ ಕಟ್ಟುಪಾಡುಗಳನ್ನೆಲ್ಲ ಧಿಕ್ಕರಿಸಿ ಬದುಕಿದ ನಾರಣಪ್ಪನ ಜೊತೆ ಇದ್ದವಳು, ಕೆಳಜಾತಿಯವಳು. ನಾರಣಪ್ಪ ಸಾಯುತ್ತಾನೆ. ಜಾತಿಗೆಟ್ಟವನ ಶವಕ್ಕೆ ಯಾರು ಸಂಸ್ಕಾರ ಮಾಡಬೇಕು ಎಂಬುದು ಅಗ್ರಹಾರಕ್ಕೆ ಬಿಡಿಸಲಾಗದ ಕಗ್ಗಂಟು. ಪಂಡಿತರು ಗ್ರಂಥ ಹುಡುಕುತ್ತಾರೆ, ಉಳಿದವರು ವಾದ ಮಾಡುತ್ತಾರೆ, ಹೆಣ ಕೊಳೆಯುತ್ತದೆ. ಕೊನೆಗೆ ದಾರಿ ಕಂಡುಕೊಳ್ಳುವವಳು ಚಂದ್ರಿಯೇ. ಅವಳು ರಾತ್ರೋರಾತ್ರಿ ಮುಸ್ಲಿಮರ ಕೇರಿಗೆ ಹೋಗುತ್ತಾಳೆ. ಕಾದಂಬರಿ ಓದಿದವರಿಗೆ ನೆನಪಿರಬಹುದು, ಅಲ್ಲಿ ಅಹ್ಮದ್ ಬ್ಯಾರಿ ಎಂಬ ಮೀನಿನ ವ್ಯಾಪಾರಿ ಇದ್ದಾನೆ. ನಾರಣಪ್ಪನಿಂದ ಕಷ್ಟಕಾಲದಲ್ಲಿ ಉಪಕಾರ ಪಡೆದವನು. ಅವನು ಗಾಡಿ ಕಟ್ಟಿಕೊಂಡು ಬಂದು, ಯಾರಿಗೂ ತಿಳಿಯದಂತೆ ಶವವನ್ನು ಸಾಗಿಸಿ ದಹನ ಮಾಡಿಸುತ್ತಾನೆ. ಇತ್ತ ಅಗ್ರಹಾರದವರಿಗೆ ಇದರ ಸುಳಿವೇ ಇಲ್ಲ. ಕನ್ನಡದ ಹೆಸರಾಂತ ಕೃತಿಯೊಂದರಲ್ಲಿ ಮನುಷ್ಯತ್ವದ ಅತ್ಯಂತ ಸರಳವಾದ ಕೆಲಸವನ್ನು ಮಾಡುವವರು ಒಬ್ಬ ಕೆಳಜಾತಿಯ ಹೆಣ್ಣು ಮತ್ತು ಒಬ್ಬ ಬ್ಯಾರಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅಷ್ಟಾಗಿ ಗಮನಿಸಿಲ್ಲ. ಪ್ರಾಣೇಶಾಚಾರ್ಯರ ತಳಮಳದ ಬಗ್ಗೆ ಪುಟಗಟ್ಟಲೆ ವಿಮರ್ಶೆ ಬಂದಿದೆ. ಬ್ಯಾರಿಯ ಗಾಡಿಯ ಬಗ್ಗೆ ಬಂದದ್ದು ಕಡಿಮೆ.

ಚಂದ್ರಿಗೆ ಚಿತ್ರದಲ್ಲಿ ಹೆಚ್ಚು ಮಾತಿಲ್ಲ. ವಾದ ಮಾಡುವವರೆಲ್ಲ ಗಂಡಸರು, ಅವಳು ಜಗಲಿಯ ಕೆಳಗೆ ನಿಂತು ನೋಡುವವಳು. ಸ್ನೇಹಲತಾ ಅವರು ಆ ನೋಟದಲ್ಲೇ ಪಾತ್ರವನ್ನು ನಿಲ್ಲಿಸಿದ್ದಾರೆ. ಅಳುವುದಿಲ್ಲ, ಬೇಡುವುದಿಲ್ಲ, ಕೂಗಾಡುವುದೂ ಇಲ್ಲ. ಆಗಬೇಕಾದ ಕೆಲಸವನ್ನು ಎದ್ದು ಹೋಗಿ ಮಾಡಿ ಬರುತ್ತಾಳೆ. ಪ್ರತಿಭಟನೆಯ ಸಿನಿಮಾ ಎಂದರೆ ಭಾಷಣ, ಬೆಂಕಿ, ಬಂದೂಕು ಎಂದುಕೊಂಡವರು ಈ ಪಾತ್ರವನ್ನು ಒಮ್ಮೆ ನೋಡಬೇಕು.

ಮದರಾಸಿನ ಸೆನ್ಸಾರ್ ಮಂಡಳಿ 'ಸಂಸ್ಕಾರ'ಕ್ಕೆ ಅನುಮತಿ ನಿರಾಕರಿಸಿತು. ಜಾತಿಯ ಕಟ್ಟಳೆಯನ್ನು ಪ್ರಶ್ನಿಸುವ ಚಿತ್ರ ಒಂದು ಸಮುದಾಯದ ಮನಸ್ಸು ನೋಯಿಸೀತು ಎಂಬ ಅಳುಕು. ವಿಷಯ ಕೇಂದ್ರ ಸರ್ಕಾರದವರೆಗೆ ಹೋಗಿ, ಅಲ್ಲಿಂದ ಒಪ್ಪಿಗೆ ಸಿಕ್ಕಿದ ಮೇಲೆ ಚಿತ್ರ ಬಿಡುಗಡೆಯಾಯಿತು. ಬಿಡುಗಡೆಯಾದದ್ದಷ್ಟೇ ಅಲ್ಲ, 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಬೇಡವೆಂದವರೂ ಸರ್ಕಾರದವರೇ, ಬಹುಮಾನ ಕೊಟ್ಟವರೂ ಸರ್ಕಾರದವರೇ!

ಅದೇ 1970ರಲ್ಲಿ ದೆಹಲಿಯಲ್ಲಿ ಇನ್ನೊಂದು ಸೆನ್ಸಾರ್ ಹೋರಾಟ ನಡೆಯುತ್ತಿತ್ತು. ಅಲಿಗಢದಲ್ಲಿ ಓದಿದ, ಕವಿ ಹಾಲಿಯವರ ಮರಿಮಗ ಖ್ವಾಜಾ ಅಹ್ಮದ್ ಅಬ್ಬಾಸ್ ನಾಲ್ಕು ಮಹಾನಗರಗಳ ಸಿರಿವಂತಿಕೆ ಮತ್ತು ಬಡತನವನ್ನು ಅಕ್ಕಪಕ್ಕದಲ್ಲಿ ತೋರಿಸುವ ಒಂದು ಕಿರುಚಿತ್ರ ಮಾಡಿದ್ದರು. ಸೆನ್ಸಾರಿನವರು ಕೆಲವು ದೃಶ್ಯಗಳಿಗೆ ಕತ್ತರಿ ಹಾಕಬೇಕೆಂದಾಗ ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ. ಸಿನಿಮಾಗೆ ಮುಂಚಿತ ಸೆನ್ಸಾರ್ ಇರುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದೇ ಅವರು ತೀರ್ಮಾನಿಸಿದರು; ಆದರೆ ಸಮಾಜದ ಕೆಡುಕನ್ನು ತೋರಿಸಿದ ಮಾತ್ರಕ್ಕೆ ಚಿತ್ರವನ್ನು ತಡೆಯಲಾಗದು, ಕಲೆಯ ಉದ್ದೇಶವನ್ನೂ ತೂಗಿ ನೋಡಬೇಕು ಎಂಬ ದಾರಿಯನ್ನೂ ತೋರಿಸಿದರು. ಅಬ್ಬಾಸರದು ಅರ್ಧ ಸೋಲು, ಅರ್ಧ ಗೆಲುವು. ಇದೇ ಅಬ್ಬಾಸ್ 1969ರಲ್ಲಿ 'ಸಾತ್ ಹಿಂದುಸ್ತಾನಿ'ಯಲ್ಲಿ ಪೋರ್ಚುಗೀಸರ ವಿರುದ್ಧದ ಗೋವಾ ಹೋರಾಟವನ್ನು ತೋರಿಸಿದವರು. ಅಮಿತಾಭ್ ಬಚ್ಚನ್ ಮೊದಲ ಸಲ ಬಣ್ಣ ಹಚ್ಚಿದ್ದು ಆ ಚಿತ್ರದ ಅನ್ವರ್ ಅಲಿ ಎಂಬ ಕವಿಯ ಪಾತ್ರಕ್ಕೆ.

ನಮ್ಮ ಪಕ್ಕದ ಮೈಸೂರಿನಲ್ಲಿ ಹುಟ್ಟಿದ ಎಂ. ಎಸ್. ಸತ್ಯು ಅವರ 'ಗರ್ಮ್ ಹವಾ' ಕೂಡ ಇದೇ ದಾರಿಯಲ್ಲಿ ನಡೆಯಬೇಕಾಯಿತು. ದೇಶ ವಿಭಜನೆಯ ನಂತರ ಆಗ್ರಾದಲ್ಲೇ ಉಳಿದ ಚಪ್ಪಲಿ ತಯಾರಕ ಸಲೀಂ ಮಿರ್ಝಾನ ಕಥೆ. ಮೂಲ ಇಸ್ಮತ್ ಚುಗ್ತಾಯಿ ಅವರದು, ಚಿತ್ರಕಥೆ ಕೈಫಿ ಆಝ್ಮಿ ಮತ್ತು ಶಮಾ ಝೈದಿ ಅವರದು. ಗಲಭೆಯಾದೀತು ಎಂಬ ಹೆದರಿಕೆಯಿಂದ ಸೆನ್ಸಾರಿನವರು ತಿಂಗಳುಗಟ್ಟಲೆ ಅದನ್ನು ತಡೆಹಿಡಿದರು. ಕೊನೆಗೆ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಅದು ತೆರೆ ಕಂಡಿತು, ಗಲಭೆ ಎಲ್ಲೂ ಆಗಲಿಲ್ಲ. ಆಮೇಲೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಪ್ರಶಸ್ತಿಯನ್ನೂ ಕೊಟ್ಟರು.

ಇಲ್ಲಿಯವರೆಗೆ ನಾನು ಹೇಳಿದ್ದು ಕತ್ತರಿಯ ಕಥೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ ಕತ್ತರಿಯ ಜಾಗಕ್ಕೆ ಬೀಗ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದರು. ಅಧಿಕಾರದ ಕುರ್ಚಿಯನ್ನು ಅಣಕಿಸಿದ ಅಮೃತ್ ನಹಾಟಾ ಅವರ 'ಕಿಸ್ಸಾ ಕುರ್ಸಿ ಕಾ' ಚಿತ್ರದ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟುಹಾಕಲಾಯಿತು. ನಹಾಟಾ ಮತ್ತೆ ಹೊಸದಾಗಿ ಚಿತ್ರ ತೆಗೆದು 1978ರಲ್ಲಿ ಬಿಡುಗಡೆ ಮಾಡಬೇಕಾಯಿತು. ಜುಲೈ 4ರಂದು ಹಲವು ಸಂಘಟನೆಗಳನ್ನು ನಿಷೇಧಿಸಿದರು. ಆರೆಸ್ಸೆಸ್ ಮತ್ತು ಜಮಾಅತೆ ಇಸ್ಲಾಮಿ ಹಿಂದ್ ಎರಡೂ ಒಂದೇ ಪಟ್ಟಿಯಲ್ಲಿದ್ದವು, ಎರಡರ ಕಾರ್ಯಕರ್ತರೂ ಜೈಲು ಸೇರಿದರು. 1976ರ ಏಪ್ರಿಲ್‌ನಲ್ಲಿ ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು, ತಡೆಯಲು ನಿಂತವರ ಮೇಲೆ ಗುಂಡು ಹಾರಿತು.

ಅದೇ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಜಬಲ್ಪುರ ಪ್ರಕರಣ ಎಂದು ಅದು ಪ್ರಸಿದ್ಧ. ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವರು ತಮ್ಮನ್ನು ಏಕೆ ಹಿಡಿದಿದ್ದೀರಿ ಎಂದು ನ್ಯಾಯಾಲಯದಲ್ಲಿ ಕೇಳುವಂತೆಯೇ ಇಲ್ಲ ಎಂಬುದು ಅದರ ಸಾರ. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಪರ ನಿಂತರು, ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಸರ್ಕಾರದ ಪರ ನಿಂತ ನಾಲ್ವರಲ್ಲಿ ಎಂ. ಎಚ್. ಬೇಗ್ ಅವರೂ ಇದ್ದರು. ಮುಂದೆ ಖನ್ನಾ ಅವರ ಹಿರಿತನವನ್ನು ಬದಿಗೊತ್ತಿ ಬೇಗ್ ಅವರನ್ನೇ ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ದೊಡ್ಡ ಹುದ್ದೆಗೆ ನಮ್ಮವರೊಬ್ಬರು ಏರಿದರೆ ಸಾಕು, ವಾರ್ಷಿಕ ಸಂಚಿಕೆಗಳಲ್ಲಿ ಭಾವಚಿತ್ರ ಹಾಕಿ ಹೆಮ್ಮೆಪಡುವ ಅಭ್ಯಾಸ ನಮಗಿದೆ. ಹುದ್ದೆಯಲ್ಲಿ ಕೂತು ಏನು ಬರೆದರು ಎಂಬುದನ್ನೂ ಓದಬೇಕೆಂದು ನನ್ನ ಬಿನ್ನಹ.

ಆ ತೀರ್ಪು ಬಂದು ನಾಲ್ಕು ದಿನಕ್ಕೆ, 1976ರ ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು.

ಹಿನ್ನೆಲೆ ಇಷ್ಟು. ಮಂಗಳೂರಿನಲ್ಲಿ ಹುಟ್ಟಿದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ತುರ್ತು ಪರಿಸ್ಥಿತಿಯ ವಿರುದ್ಧ ಭೂಗತರಾಗಿ ಕೆಲಸ ಮಾಡುತ್ತಿದ್ದರು. ಪಟ್ಟಾಭಿ ದಂಪತಿಗಳು ಅವರಿಗೆ ಹತ್ತಿರದವರು. ಜಾರ್ಜ್ ಎಲ್ಲಿದ್ದಾರೆಂದು ಹೇಳಿಸಲು ಪೊಲೀಸರು ಮೇ 1ರಂದು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಬೆಂಗಳೂರಿನಲ್ಲಿ ಹಿಡಿದು ಕ್ರೂರವಾಗಿ ಹಿಂಸಿಸಿದರು. ಮರುದಿನ ಸ್ನೇಹಲತಾ ಅವರ ಸರದಿ. ರೈಲು ಹಳಿ, ಸೇತುವೆ, ಸರ್ಕಾರಿ ಕಟ್ಟಡಗಳನ್ನು ಸ್ಫೋಟಿಸಲು ಸಂಚು ನಡೆದಿದೆ ಎಂಬ ಬರೋಡಾ ಡೈನಮೈಟ್ ಪ್ರಕರಣಕ್ಕೆ ಅವರನ್ನು ತಳುಕು ಹಾಕಲಾಯಿತು. ಡೈನಮೈಟಿನ ದಾರಿ ಸರಿಯೇ ಎಂದು ನೀವು ಕೇಳಿದರೆ ನಾನು ಅಲ್ಲ ಎನ್ನುತ್ತೇನೆ. ಹೋರಾಟ ಎಷ್ಟೇ ನ್ಯಾಯವಾಗಿರಲಿ, ಸ್ಫೋಟಕ ಯಾರ ಮನೆಯ ಮಗನನ್ನು ಬಲಿ ತೆಗೆದುಕೊಳ್ಳುತ್ತದೆಂದು ಯಾರೂ ಹೇಳಲಾರರು. ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಕೊನೆಗೆ ಜಾರ್ಜ್ ಮತ್ತು ಇತರ 24 ಜನರ ಮೇಲೆ ದೋಷಾರೋಪಪಟ್ಟಿ ಸಲ್ಲಿಕೆಯಾದಾಗ ಅದರಲ್ಲಿ ಸ್ನೇಹಲತಾ ರೆಡ್ಡಿಯವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ. ಮೀಸಾ ಎಂಬ ಕಾಯ್ದೆ ಇತ್ತಲ್ಲ, ಅದಕ್ಕೆ ಆರೋಪವೂ ಬೇಕಿರಲಿಲ್ಲ, ವಿಚಾರಣೆಯೂ ಬೇಕಿರಲಿಲ್ಲ.

ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಆಗ ದೊಡ್ಡ ದೊಡ್ಡ ನಾಯಕರೇ ಇದ್ದರು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು 1975ರ ಜೂನ್ 26ರಂದು ಬೆಂಗಳೂರಿನಲ್ಲೇ ಹಿಡಿಯಲಾಗಿತ್ತು. ರಾಜಕೀಯ ಕೈದಿಗಳಾದ ಅವರು ಒಟ್ಟಿಗಿದ್ದರು. ಓದು, ಬರಹ, ಚರ್ಚೆಗೆ ಅವಕಾಶವಿತ್ತು. ಸ್ನೇಹಲತಾ ಅವರು ಒಬ್ಬಂಟಿ. ಒಬ್ಬರಿಗಷ್ಟೇ ಸಾಲುವ ಕಿರಿದಾದ ಕೋಣೆ, ಒಂದು ತುದಿಯಲ್ಲಿ ಕಕ್ಕಸಿಗೆಂದು ಒಂದು ತೂತು, ಇನ್ನೊಂದು ತುದಿಯಲ್ಲಿ ಕಬ್ಬಿಣದ ಕಂಬಿ. ಅವರಿಗೆ ಮೊದಲಿನಿಂದ ಆಸ್ತಮಾ ಇತ್ತು. ಆಸ್ತಮಾ ಇರುವವರು ನಿಮ್ಮ ಮನೆಯಲ್ಲಿದ್ದರೆ ಗಾಳಿಯಾಡದ ಕೋಣೆಯಲ್ಲಿ ಒಂದು ರಾತ್ರಿ ಕಳೆಯುವುದು ಏನೆಂದು ನಾನು ವಿವರಿಸಬೇಕಾಗಿಲ್ಲ. ಅಂತಹ ರಾತ್ರಿಗಳು ಎಂಟು ತಿಂಗಳು. ಚಿಕಿತ್ಸೆ ಕ್ರಮವಾಗಿ ಸಿಗಲಿಲ್ಲ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೋಣೆಯ ಕಡೆಯಿಂದ ಕೇಳಿಬರುತ್ತಿದ್ದ ಕೂಗನ್ನು ದಂಡವತೆಯವರು ಎಷ್ಟೋ ವರ್ಷಗಳ ನಂತರ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಇಷ್ಟಾದರೂ ಆಕೆ ತನ್ನ ಸಂಕಟವನ್ನಷ್ಟೇ ನೋಡಿಕೊಂಡು ಕೂರಲಿಲ್ಲ. ಜೈಲಿನಲ್ಲಿ ಇದ್ದ ಇತರ ಹೆಂಗಸರು ಯಾರು? ಕಳ್ಳತನ, ಜಗಳ, ಕೊಲೆ ಎಂದು ಬಂದವರು. ಬಹುಪಾಲು ಬಡವರು, ಓದು ಬರಹ ಇಲ್ಲದವರು, ಜಾಮೀನು ಕೊಡಿಸಲು ಯಾರೂ ಇಲ್ಲದವರು. ಅವರನ್ನು ಸಿಬ್ಬಂದಿ ಬಾಯಿಗೆ ಬಂದಂತೆ ಬೈಯುವುದು, ಹೊಡೆಯುವುದು ಅಲ್ಲಿ ದಿನನಿತ್ಯದ ಪಾಡಾಗಿತ್ತು. ಸ್ನೇಹಲತಾ ಅವರು ಇದನ್ನು ಪ್ರತಿಭಟಿಸಿ ಉಪವಾಸ ಕೂತರು. ಹೊಡೆತ ನಿಂತಿತು, ಊಟ ಸ್ವಲ್ಪ ಸುಧಾರಿಸಿತು. ಚಂದ್ರಿಯ ಪಾತ್ರವನ್ನು ನಾನು ಇಷ್ಟು ವಿಸ್ತಾರವಾಗಿ ಹೇಳಿದ್ದು ಇದಕ್ಕಾಗಿಯೇ. ಹೊರಗಡೆ ರಾಷ್ಟ್ರಪ್ರಶಸ್ತಿಯ ಚಿತ್ರದ ನಟಿ, ಸಿರಿವಂತ ಮನೆತನದ ಹೆಂಗಸು, ಕವಿಗಳು ಕಲಾವಿದರು ಬಂದುಹೋಗುವ ಮನೆಯ ಯಜಮಾನಿ. ಒಳಗಡೆ ಆಕೆಯ ಅಕ್ಕತಂಗಿಯರು ಚಂದ್ರಿಯರು. ಪಾತ್ರ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಎದ್ದುಹೋಗುವುದು ನಟನಟಿಯರ ಕಸುಬಿನ ರೀತಿ. ಇವರು ಹಾಗೆ ಎದ್ದುಹೋಗಲಿಲ್ಲ.

ಅವರು ಜೈಲಿನಲ್ಲಿ ಒಂದು ದಿನಚರಿಯನ್ನೂ ಬರೆದರು. ಇಂಗ್ಲಿಷಿನಲ್ಲಿ ಬರೆದ ಅದನ್ನು 1977ರಲ್ಲಿ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಪುಸ್ತಕವಾಗಿ ಪ್ರಕಟಿಸಿತು.

ಪ್ರಿಯ ಓದುಗರೇ, ಇಲ್ಲಿ ನಾನು ನಿಮ್ಮೊಡನೆ ಒಂದು ಕಷ್ಟದ ಮಾತನ್ನು ಆಡಬೇಕಾಗಿದೆ. ಆಗ ಕರ್ನಾಟಕದ ಮುಖ್ಯಮಂತ್ರಿ ಯಾರು? ಡಿ. ದೇವರಾಜ ಅರಸು. ನಮ್ಮ ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಆ ಹೆಸರನ್ನು ಗೌರವವಿಲ್ಲದೆ ಹೇಳುವವರಿಲ್ಲ. 1974ರ ಭೂಸುಧಾರಣೆಯಿಂದ ಉಳುವವನಿಗೆ ಹೊಲ ಸಿಕ್ಕಿತು. ಎಲ್. ಜಿ. ಹಾವನೂರರ ಆಯೋಗದ ವರದಿ 1975ರಲ್ಲಿ ಬಂತು. 1977ರಲ್ಲಿ ಅರಸು ಸರ್ಕಾರ ಮುಸ್ಲಿಮರನ್ನೂ ಹಿಂದುಳಿದವರ ಪಟ್ಟಿಗೆ ಸೇರಿಸಿತು. ಈ ಸಂಚಿಕೆಯ ಓದುಗರಲ್ಲಿ ಎಷ್ಟು ಮಂದಿ ಮೇಷ್ಟ್ರಾದರು, ಇಂಜಿನಿಯರಾದರು, ನರ್ಸ್ ಆದರು! ಅದರ ಹಿಂದೆ ಆ ಆದೇಶದ ಪಾಲಿದೆ. ಆದ್ದರಿಂದಲೇ ತುರ್ತು ಪರಿಸ್ಥಿತಿಯನ್ನು ನೆನೆಯುವಾಗ ನಮ್ಮ ಎಷ್ಟೋ ಹಿರಿಯರು ಅದರ ಕೆಡುಕನ್ನು ಹೇಳಲು ಹಿಂಜರಿಯುತ್ತಾರೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಕಚೇರಿಯಲ್ಲಿ ಕೆಲಸವಾಗುತ್ತಿತ್ತು ಎನ್ನುವವರನ್ನು ನೀವೂ ಕಂಡಿರುತ್ತೀರಿ.

ಆ ಕೃತಜ್ಞತೆ ಸುಳ್ಳಲ್ಲ. ಆದರೆ ಅದೇ ಸರ್ಕಾರದ ಜೈಲಿನಲ್ಲಿ, ಅದೇ ತಿಂಗಳುಗಳಲ್ಲಿ, ಯಾವ ಆರೋಪವೂ ರುಜುವಾಗದ ಹೆಂಗಸೊಬ್ಬರು ಉಸಿರಿಗಾಗಿ ಒದ್ದಾಡುತ್ತಿದ್ದರು ಎಂಬುದೂ ಸುಳ್ಳಲ್ಲ. ಒಂದು ಕೈಯಲ್ಲಿ ಕೊಟ್ಟದ್ದಕ್ಕೆ ಇನ್ನೊಂದು ಕೈ ಮಾಡಿದ್ದನ್ನು ಮಾಫಿ ಮಾಡಿಬಿಡಬಹುದೇ? ಮಾಡುವ ಹಕ್ಕು ಇದ್ದರೆ ಅದು ಸ್ನೇಹಲತಾ ಅವರಿಗೆ ಮಾತ್ರ. ನಮಗಲ್ಲ. ಬಡವರ ಪರವೆಂದು ಹೇಳಿಕೊಂಡ ಸರ್ಕಾರವನ್ನು ಅವರು ಬಡವರ ಪರವಾಗಿಯೇ ವಿರೋಧಿಸಿದರು. ಅವರಿಗೆ ಹೊಲವಾಗಲಿ ಮೀಸಲಾತಿಯಾಗಲಿ ಬೇಕಿರಲಿಲ್ಲ. ಸುಮ್ಮನಿದ್ದಿದ್ದರೆ ಅವರ ಮನೆಯ ಒಂದು ಹೆಂಚೂ ಅಲುಗುತ್ತಿರಲಿಲ್ಲ. ಅವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದೇ.

ಪರಿಸ್ಥಿತಿ ತೀರಾ ಬಿಗಡಾಯಿಸಿದ ಮೇಲೆ 1977ರ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಬಿಟ್ಟರು. ಆ ವೇಳೆಗೆ ಶ್ವಾಸಕೋಶ ಪೂರ್ತಿ ಕೆಟ್ಟಿತ್ತು. ಜನವರಿ 18ರಂದು ಇಂದಿರಾ ಗಾಂಧಿಯವರು ಲೋಕಸಭೆಗೆ ಚುನಾವಣೆ ಘೋಷಿಸಿದರು. ದೇಶದಲ್ಲೆಲ್ಲ ಕೈದಿಗಳ ಬಿಡುಗಡೆಯ ಮಾತು ಶುರುವಾಯಿತು. ಜನವರಿ 20ರಂದು ಸ್ನೇಹಲತಾ ರೆಡ್ಡಿ ತೀರಿಕೊಂಡರು. ಬಿಡುಗಡೆಯಾಗಿ ಐದೇ ದಿನ.

ಮಾರ್ಚಿನಲ್ಲಿ ಇಂದಿರಾ ಗಾಂಧಿಯವರು ರಾಯಬರೇಲಿಯಲ್ಲಿ ಸೋತರು, ಜಾರ್ಜ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು, ಜನತಾ ಸರ್ಕಾರ ಬಂದು ಡೈನಮೈಟ್ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಕರ್ನಾಟಕದಲ್ಲಿ ಮಾತ್ರ ಗಾಳಿ ಬೇರೆಯೇ ಬೀಸಿತು. 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು, ನಮ್ಮ ಮಂಡ್ಯವೂ ಅದರಲ್ಲಿ ಸೇರಿತ್ತು. ಸ್ನೇಹಲತಾ ಅವರು ಪ್ರಾಣ ಕೊಟ್ಟ ರಾಜ್ಯವೇ ಅವರ ಮಾತನ್ನು ಅಂದು ಕೇಳಿಸಿಕೊಳ್ಳಲಿಲ್ಲ ಎಂದು ಬೇಕಾದರೆ ಹೇಳಬಹುದು. ಮೀಸಾ ಕಾಯ್ದೆ 1978ರಲ್ಲಿ ರದ್ದಾಯಿತು. ಜಬಲ್ಪುರದ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟು ಬಾಯಿಬಿಟ್ಟು ಹೇಳಿದ್ದು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಹಿಡಿಯಿತು.

ಪಟ್ಟಾಭಿರಾಮ ರೆಡ್ಡಿಯವರ 'ಚಂಡಮಾರುತ' ಚಿತ್ರ 1977ರಲ್ಲಿ ಹೊರಬಂತು. ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕ ಅದಕ್ಕೆ ಆಧಾರ. ಪ್ರಭುತ್ವವನ್ನು ಎದುರಿಸುವವರ ಕಥೆಯನ್ನು ಕನ್ನಡದಲ್ಲಿ ನೇರವಾಗಿ ಹೇಳಿದ ಚಿತ್ರಗಳಲ್ಲಿ ಅದೂ ಒಂದು, ಆದರೆ 'ಸಂಸ್ಕಾರ'ದಷ್ಟು ಜನರನ್ನು ಅದು ಮುಟ್ಟಲಿಲ್ಲ. ಜನಸಾಮಾನ್ಯರಿಗೆ ಈ ಬಗೆಯ ಸಿಟ್ಟನ್ನು ಮುಟ್ಟಿಸಿದ್ದು ಬೇರೆ ರೀತಿಯ ಚಿತ್ರಗಳು. 1981ರಲ್ಲಿ ಬಂದ 'ಅಂತ'ವನ್ನು ನೋಡದ ಮಂಡ್ಯದವರಿದ್ದಾರೆಯೇ? ನಮ್ಮ ದೊಡ್ಡರಸಿನಕೆರೆಯ ಅಂಬರೀಶ್ ಅಧಿಕಾರದಲ್ಲಿರುವವರ ಭ್ರಷ್ಟತನದ ವಿರುದ್ಧ ಗುಡುಗಿದ ಆ ಚಿತ್ರವೂ ಸೆನ್ಸಾರ್ ವಿವಾದಕ್ಕೆ ಸಿಕ್ಕಿತ್ತು. ಶಿಳ್ಳೆ ಬಿದ್ದದ್ದು ಅದಕ್ಕೆ. ನನ್ನ ಮಟ್ಟಿಗೆ ಹೇಳುವುದಾದರೆ, ಗುಡುಗುವ ನಾಯಕನಿಗಿಂತ ಸದ್ದಿಲ್ಲದೆ ಬ್ಯಾರಿಯ ಮನೆ ಬಾಗಿಲು ತಟ್ಟುವ ಚಂದ್ರಿಯೇ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತಾಳೆ.

ಪಟ್ಟಾಭಿಯವರು 2006ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮಗಳು ನಂದನಾ ರೆಡ್ಡಿ ದುಡಿಯುವ ಮಕ್ಕಳ ಹಕ್ಕುಗಳಿಗಾಗಿ ಬಹುಕಾಲದಿಂದ ಕೆಲಸ ಮಾಡುತ್ತ ಬಂದವರು.

ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಹಳೆಯ ಜಾಗವನ್ನು ಉದ್ಯಾನವನ ಮಾಡಿ 2008ರಲ್ಲಿ ಫ್ರೀಡಂ ಪಾರ್ಕ್ ಎಂದು ಹೆಸರಿಟ್ಟರು. ಮೆಜೆಸ್ಟಿಕ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಅದು ಇರುವುದು ಶೇಷಾದ್ರಿ ರಸ್ತೆಯಲ್ಲಿ, ಅಂದರೆ ನಮ್ಮ ಶಿವನಸಮುದ್ರದ ವಿದ್ಯುತ್ ಕೇಂದ್ರದ ಯೋಜನೆಗೆ ಕಾರಣರಾದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರಿನ ರಸ್ತೆಯಲ್ಲಿ. ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಕೆಡವದೆ ಉಳಿಸಿದ್ದಾರೆ. ಬೆಂಗಳೂರಿನಲ್ಲಿ ಸರ್ಕಾರದ ವಿರುದ್ಧ ಧರಣಿ ಕೂರುವವರು ಫ್ರೀಡಂ ಪಾರ್ಕಿನಲ್ಲೇ ಕೂರಬೇಕು, ಬೇರೆಲ್ಲೂ ಕೂಡದು ಎಂದು 2021ರಲ್ಲಿ ಒಂದು ಆದೇಶವೂ ಹೊರಟಿದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಒಮ್ಮೆ ಒಳಗೆ ಹೋಗಿ ಬನ್ನಿ. ಬ್ಯಾರಕ್ಕಿನ ಗೋಡೆ ಎಷ್ಟು ದಪ್ಪವಿದೆ, ಕಿಟಕಿ ಎಷ್ಟು ಚಿಕ್ಕದಿದೆ ಎಂಬುದನ್ನು ಅವರೇ ನೋಡಲಿ.